ಬೇವಿನ ಗಿಡದ ತನಕ ನಡೆಮಡಿ

"ನೀ ಜಹಾಜದಾಗಿಂದ ಇಳದ ದಿನ ನಿನ್ನ ಕಾಲಿಗಿ ನಮ್ಮೂರ ಮಣ್ಣ ಹತ್ತಬಾರದು. ನಡಿಮಡಿ ಹಾಸ್ತೇನಿ" ಎಂದು ಅಗಸರ ಧರ್ಮಣ್ಣ ಮಾತು ಕೊಟ್ಟದ್ದು ಆರು ವರ್ಷದ ಹಿಂದೆ, ಲಡಾಯಿ ಶುರುವಾದ ವರ್ಷ, ಮಣ್ಣೂರಿನ ಭೀಮಾ ನದಿಯ ದಂಡೆಯಲ್ಲಿ. ಆ ಬೆಳಿಗ್ಗೆ ಮುರ್ತುಜಾ ಹೈದರಾಬಾದಿಗೆ ಹೊರಟಿದ್ದ. ಓದಿನ ಖರ್ಚಿಗೆ ಸರಕಾರದ ವಜೀಫಾ ಸಿಕ್ಕಿತ್ತು. ಜಹಾಜ ಹಾರಿಸುವುದನ್ನು ಕಲಿಯುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ಬಂದು ಕೊನೆಗೆ ಒಗೆಯುವ ಕಲ್ಲಿನ ಹತ್ತಿರ ನಿಂತು, ಇನ್ನೂ ತುಸು ಹಸಿಯಿದ್ದ ಎರಡು ಅಂಗಿಗಳನ್ನು ಎದೆಗೆ ಅವುಚಿಕೊಂಡಿದ್ದ. ಅವನ ಅಪ್ಪ ಹಸನಸಾಬ ದೋಣಿ ನಡೆಸುತ್ತಿದ್ದವನು, ಧರ್ಮಣ್ಣನ ಸರಿಜೋಡಿ. ಅವನು ತೀರಿಕೊಂಡ ಮೇಲೆ ಈ ಹುಡುಗ ಅರ್ಧ ಬೆಳೆದದ್ದು ಇದೇ ಕಲ್ಲಿನ ಸುತ್ತ. ನಡೆಮಡಿ ಎಂದರೆ ಏನು ಎಂಬುದು ಮುರ್ತುಜಾನಿಗೂ ಗೊತ್ತಿತ್ತು. ಮಠದ ಸ್ವಾಮಿಗಳು, ಅಂದರೆ ಅಪ್ಪಗಳು, ಊರಿಗೆ ಬಂದರೆ, ಗೌಡರ ಮನೆಯ ಮದುಮಗ ಕುದುರೆಯಿಂದ ಇಳಿದರೆ, ಅವರ ಪಾದ ನೆಲಕ್ಕೆ ತಾಗದಂತೆ ಒಗೆದ ಧೋತರಗಳನ್ನು ಒಂದರ ತುದಿಗೆ ಒಂದು ಹಾಸುತ್ತ ಹೋಗುವುದು ಅಗಸರ ಮನೆಯ ಪಾಳಿ. ಹಾಸು ಎಂದವರು ಯಾವಾಗಲೂ ಬೇರೆಯವರು. ಹಾಸುತ್ತೇನೆ ಎಂದು ತಾನಾಗಿ ಬಾಯಿಬಿಟ್ಟದ್ದು ಧರ್ಮಣ್ಣನ ಜನ್ಮದಲ್ಲಿ ಅದೊಂದೇ ಸಲ. ಮುರ್ತುಜಾ ನಕ್ಕು, "ನಾನೇನು ಮಠದ ಅಪ್ಪನಾ ಕಾಕಾ?" ಎಂದಿದ್ದ. "ಅಪ್ಪಗೋಳು ಮಠದಾಗಿಂದ ಬರ್ತಾರ, ನೀ ಮುಗಿಲದಾಗಿಂದ ಬರಾಂವ" ಎಂದು ಧರ್ಮಣ್ಣ ಹೇಳಿದಾಗ ಇಬ್ಬರಿಗೂ ಅದು ಚಂದದ ಮಾತು ಅನಿಸಿತ್ತು.

ಈಗ ಅದೇ ಕಲ್ಲಿನ ಮೇಲೆ ಮುರ್ತುಜಾನ ಪೈಜಾಮ ಇದೆ. ಪುಷ್ಯ ಮಾಸದ ನೀರು ಮೊಣಕಾಲಿಗೆ ಸೂಜಿಯಂತೆ ಚುಚ್ಚುತ್ತದೆ. ಧರ್ಮಣ್ಣ ಬಟ್ಟೆಯನ್ನು ಬಡಿಯುವುದಿಲ್ಲ, ಈ ಒಂದು ಬಟ್ಟೆಯನ್ನು ಮಾತ್ರ ಕೈಯಲ್ಲಿ ಉಜ್ಜುತ್ತಾನೆ. ಬಲಗಾಲಿನ ಅಂಚು ಮತ್ತೆ ಜೂಲುಜೂಲಾಗಿದೆ. ಎಡಗಾಲಿನ ಅಂಚು ಹೊಸದರಂತಿದೆ. ವಾರಕ್ಕೊಮ್ಮೆ, ನಾಲ್ಕು ವರ್ಷದಿಂದ, ಮುರ್ತುಜಾ ಎಷ್ಟು ನಡೆದ, ಎಷ್ಟು ಎಳೆದುಕೊಂಡು ನಡೆದ ಎಂಬುದನ್ನು ಈ ಅಂಚು ಹೇಳುತ್ತ ಬಂದಿದೆ. ಊರಿನವರ ಗುಟ್ಟೆಲ್ಲ ಅಗಸನಿಗೆ ಗೊತ್ತು ಅನ್ನುತ್ತಾರೆ, ಖರೆ. ಯಾರ ಮನೆಯಲ್ಲಿ ಬಸಿರು ನಿಂತಿತು, ಯಾರು ಕದ್ದು ಶಿಂದಿ ಕುಡಿದರು, ಯಾವ ಸೊಸೆ ಸೆರಗಿನಲ್ಲಿ ಅತ್ತಳು. ಆದರೆ ಅಗಸನ ಗುಟ್ಟನ್ನು ಒಗೆಯುವವರು ಯಾರೂ ಇಲ್ಲ.

"ಆ ಪೈಜಾಮ ಹಿಂಡಿ ಹಿಂಡಿ ಹರೀತಿ ನೋಡು" ಎಂದಳು ಹೆಂಡತಿ ಭಾಗಮ್ಮ. ಅವಳು ದಂಡೆಯ ಮೇಲೆ ಸೀರೆ ಹರವುತ್ತಿದ್ದಳು. "ಕೇಳ್ದ್ಯಾ? ಅಫಜಲಪುರದ ಗೌಸಮೊಹಿದ್ದೀನ ಮೋಟಾರ ತಂದಾನಂತ. ಅಫಜಲಪುರದಿಂದ ಆಳಂದಕ್ಕ ಓಡ್ತದಂತ. ಡ್ರೈವರಿಕಿಗಿ ಮುರ್ತುಜಾನೇ ಬೇಕು ಅಂತ ಕುಂತಾನ."

"ಮುರ್ತುಜಾ ಏನಂದ?"

"ಏನಂತಾನ. ವಲ್ಲೆ ಅಂತಾನ. ಅವರವ್ವ ಖಾಸೀಂಬಿ ನಿನ್ನೆ ಬಾವಿ ಕಡಿ ಅಳಾಕತ್ತಿದ್ಲು. ಇವತ್ತ ಮಧ್ಯಾಹ್ನ ಘತ್ತರಗಿ ಜನ ತುಂಬಕೊಂಡು ಆ ಮೋಟಾರ ಹಿಂಗೇ ಬರ್ತದಂತ, ಆಗ ಹೂಂ ಇಲ್ಲಾ ಊಹೂಂ ಹೇಳಬೇಕಂತ. ಇವ ಊಹೂಂ ಅಂದ್ರ ಅವ ಸೊಲ್ಲಾಪುರದಾಂವನ್ನ ಇಟಗೋತಾನ."

"ಯಾಕ ವಲ್ಲೆ ಅಂತಾನ?"

ಭಾಗಮ್ಮ ಸೀರೆಯ ತುದಿಗೆ ಕಲ್ಲು ಇಟ್ಟು, ನೆಟ್ಟಗೆ ನಿಂತು ಗಂಡನನ್ನು ನೋಡಿದಳು. "ನನ್ನ ಕೇಳ್ತಿ? ಅವನ ಕಣ್ಣು ಸುಳ್ಳ ಹೇಳ್ತಾವಂತ."

ಕಣ್ಣು ಸುಳ್ಳು ಹೇಳುತ್ತವೆ. ಈ ಮಾತನ್ನು ಧರ್ಮಣ್ಣ ಮುರ್ತುಜಾನ ಬಾಯಲ್ಲೇ ಎಷ್ಟೋ ಸಲ ಕೇಳಿದ್ದಾನೆ. ಗುಲಬರ್ಗಾದಲ್ಲಿ ಇಬ್ಬರು ಡಾಕ್ಟರು ನೋಡಿ ಕಣ್ಣಲ್ಲಿ ಏನೂ ದೋಷವಿಲ್ಲ ಎಂದರು. ಆದರೂ ಅವನು ಸೊಲ್ಲಾಪುರಕ್ಕೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದ. ಮನೆಯಲ್ಲಿ ಕುಳಿತು ಗ್ಯಾಸಬತ್ತಿ, ಹೊಲಿಗೆಯ ಯಂತ್ರ ದುರಸ್ತಿ ಮಾಡುತ್ತಾನೆ, ಹೆಚ್ಚಿನದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ. ಸಂಜೆ ದಂಡೆಗೆ ಬಂದರೆ ಕಲ್ಲಿನ ಹತ್ತಿರ ಕೂತು, "ಕಾಕಾ, ಆ ಕಡಿ ನಿಂತಾವಲ್ಲ, ಅವು ಎಮ್ಮೀನೋ ಬಂಡಿಗಲ್ಲೋ?" ಎಂದು ಕೇಳುತ್ತಾನೆ. "ಎಮ್ಮಿ" ಎನ್ನುತ್ತಾನೆ ಧರ್ಮಣ್ಣ. "ಎಷ್ಟು?" "ಮೂರು." "ನನಗೂ ಮೂರೇ ಕಾಣಸ್ತಾವು" ಎಂದು ಮುರ್ತುಜಾ ಸಮಾಧಾನದಿಂದ ಉಸಿರು ಬಿಡುತ್ತಾನೆ. ಊರಿನಲ್ಲಿ ಅವನು ನಂಬುವುದು ಧರ್ಮಣ್ಣನ ಕಣ್ಣನ್ನು.

ನಾಲ್ಕು ವರ್ಷದ ಹಿಂದಿನ ಆ ಚಳಿಗಾಲ ಎಷ್ಟು ಬೆಳ್ಳಗಿತ್ತು. ದನ ಮೇಯುವ ಗಾಯರಾಣ ಬಯಲಿನಲ್ಲಿ ಎರಡು ಡೇರೆ ಬಿದ್ದಾಗ ಮಣ್ಣೂರಿನ ಜನ ಸರ್ವೇದವರು ಬಂದರು ಎಂದುಕೊಂಡರು. ಆಮೇಲೆ ಒಂದು ಮುಂಜಾನೆ ಜೋಳದ ಹೊಲಗಳ ಮೇಲೆ, ಎದೆಯೆತ್ತರದ ತೆನೆಗಳು ಒಂದೇ ಕಡೆ ಬಾಗುವಂತೆ, ಅದು ಬಂತು. ಎರಡು ಅಂತಸ್ತಿನ ರೆಕ್ಕೆ, ಹೊಟ್ಟೆಯಲ್ಲಿ ರಾಟಿಯ ಸದ್ದು. ಹೆಂಗಸರು ಕಿವಿ ಮುಚ್ಚಿಕೊಂಡರು. ಅಣ್ಣಾರಾಯ ಗೌಡರ ಎತ್ತು ಹಗ್ಗ ಕಿತ್ತುಕೊಂಡು ಓಡಿದ್ದು ಘತ್ತರಗಿಯ ಭಾಗ್ಯವಂತಿ ಗುಡಿಯ ಹತ್ತಿರ ಸಿಕ್ಕಿತು. ಕಲಿಯುವ ಹುಡುಗರು ಇಳಿಯುವುದು, ಏರುವುದು, ಮತ್ತೆ ಇಳಿಯುವುದು, ಎರಡು ತಿಂಗಳು ಅದೇ ಆಟ. ಬಯಲಿನ ನಡುವೆ ಬಿಳಿಯ ಬಟ್ಟೆಯ ಪಟ್ಟಿಗಳನ್ನು ಹಾಸಿಡಬೇಕು, ದಿನಾ ಒಗೆದು ಸ್ವಚ್ಛ ಇಡಬೇಕು; ಕಪ್ಪು ನೆಲದ ಧೂಳಿಗೆ ಒಂದೇ ದಿನದಲ್ಲಿ ಅವು ಮಣ್ಣಿನ ಬಣ್ಣಕ್ಕೆ ಬರುತ್ತಿದ್ದವು. ಊರ ಅಗಸನನ್ನು ಕರೆಸಿದರು. ಕಲಿಸುವ ಸಾಹೇಬ ಕಡ್ಡಿಯಿಂದ ನೆಲದ ಮೇಲೆ ಗೀರಿ ತೋರಿಸಿದಾಗ ಧರ್ಮಣ್ಣನಿಗೆ ಅದು ತಟ್ಟನೆ ತಿಳಿಯಿತು: ಬಂಡಿಯ ಉದ್ದ ಮರ ಈಸು, ಅದರ ತುದಿಗೆ ಅಡ್ಡ ನೊಗ. ಜಹಾಜ ಈಸಿನ ಗುಂಟ ನೊಗದ ಕಡೆಗೆ ಮುಖ ಮಾಡಿ ಇಳಿಯುತ್ತದೆ. ಗಾಳಿ ಯಾವ ಕಡೆಯಿಂದ ಬರುತ್ತದೋ ನೊಗ ಆ ಕಡೆ. ಗಾಳಿ ತಿರುಗಿದರೆ ಈಸೂ ನೊಗವೂ ತಿರುಗಬೇಕು. ಆ ಬಯಲಿನಲ್ಲಿ ಮೇಲಿನವರಿಗೆ ಗಾಳಿಯ ಸುದ್ದಿ ಹೇಳಲು ಬೇರೆ ಏನೂ ಇರಲಿಲ್ಲ, ಧರ್ಮಣ್ಣ ಹಾಸಿದ ಬಟ್ಟೆಯೊಂದೇ. "ಎತ್ತಿಗಿಂತ ಛಲೋ ತಿಳೀತು ನಿನಗ" ಎಂದು ಸಾಹೇಬ ಉರ್ದುವಿನಲ್ಲಿ ಹೊಗಳಿದ. ಧರ್ಮಣ್ಣ ಅದನ್ನು ಮನೆಗೆ ಬಂದು ಹೆಂಡತಿಗೆ ಹೇಳಿದ. "ಎತ್ತಿಗಿಂತ ಅಂದ್ನಾ? ಕತ್ತಿಗಿಂತ ಅಂದಿರಬೇಕು, ನೀ ಸರಿ ಕೇಳಿಲ್ಲ" ಎಂದಿದ್ದಳು ಭಾಗಮ್ಮ, ಬಾಗಿಲಲ್ಲಿ ಕಟ್ಟಿದ್ದ ಕತ್ತೆಯ ಕಡೆ ನೋಡಿ.

ಮೂರನೆಯ ವಾರ ಬಂದ ಹುಡುಗರಲ್ಲಿ ಮುರ್ತುಜಾ ಇದ್ದ. ಚರ್ಮದ ಟೊಪ್ಪಿಗೆ, ಹಣೆಯ ಮೇಲೆ ಗಾಜು. ಊರ ಮಾತು ಮರೆತಿರಲಿಲ್ಲ. "ಕಾಕಾ, ಮ್ಯಾಲಿಂದ ನಿನ್ನ ಅರಿವಿ ಒಂದೇ ಕಾಣಸ್ತದ. ಊರಿಲ್ಲ, ಹೊಳಿಲ್ಲ, ಗೌಡನ ವಾಡೇನೂ ಇಲ್ಲ. ನೀ ಹಾಸಿದ್ದಷ್ಟೇ" ಎಂದ. ಆ ಮಾತು ಧರ್ಮಣ್ಣನ ಒಳಗೆ ಎಲ್ಲಿಗೆ ಹೋಗಿ ಕೂತಿತೋ. ಅಪ್ಪಗಳು ನಡೆದು ಹೋದ ಮೇಲೆ ನಡೆಮಡಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಅರಿವೆಯನ್ನು ಹುಡುಕಿಕೊಂಡು ಮುಗಿಲಿನಿಂದ ಜನ ಬರುತ್ತಾರೆ.

ಮುರ್ತುಜಾ ಒಬ್ಬನೇ ದೂರ ಹೋಗಿ ಬರುವ ಪರೀಕ್ಷೆಯ ದಿನ ಮೂಡಗಾಳಿ ಇತ್ತು. ಇಷ್ಟು ದಿನ ಸಾಹೇಬನ ಸಂಗಡ ಇಳಿದಿದ್ದ, ಒಬ್ಬನೇ ಇಳಿದು ಊರ ದಾರಿ ಹಿಡಿಯುವುದು ಇದೇ ಮೊದಲ ಸಲ. ಆಳಂದದ ಮೇಲೆ ಹಾದು, ಜೇವರ್ಗಿಯ ಮೇಲೆ ತಿರುಗಿ, ಹೊಳೆಯ ಗುಂಟ ಬಂದು ಇಳಿಯಬೇಕು. ಧರ್ಮಣ್ಣ ನೊಗವನ್ನು ಮೂಡಣಕ್ಕೆ ಹಾಕಿದ, ಈಸನ್ನು ಪಡುವಣಕ್ಕೆ. ಸರಿಯಾಗಿಯೇ ಹಾಕಿದ. ಜಹಾಜ ಚುಕ್ಕೆಯಾಗಿ ಮಾಯವಾಯಿತು. ಸಾಹೇಬ ಪಡುವಣ ತುದಿಯಲ್ಲಿ, ಹಳ್ಳದ ದಂಡೆಯ ಡೇರೆಯೊಳಗೆ ಚಹಕ್ಕೆ ಹೋದ. ಬಯಲಿನಲ್ಲಿ ಧರ್ಮಣ್ಣ ಒಬ್ಬನೇ ಉಳಿದ. ಮೂಡಣ ತುದಿಯಲ್ಲಿ ಬೇವಿನ ಗಿಡ, ಅದರ ಬುಡದಿಂದ ಮಣ್ಣೂರಿನ ದಾರಿ. ಇಳಿದವನೇ ತಾಯಿಯನ್ನು ನೋಡಲು ಆ ದಾರಿ ಹಿಡಿಯುತ್ತೇನೆ ಎಂದು ಮುರ್ತುಜಾ ಹಿಂದಿನ ದಿನ ಹೇಳಿದ್ದ. ಕತ್ತೆಯ ಮೇಲಿನ ಗಂಟಿನಲ್ಲಿ ಹನ್ನೊಂದು ಧೋತರ ಇದ್ದವು, ಗೌಡರ ಮನೆಯವು, ಕುಲಕರ್ಣಿಯವು, ಒಗೆದು ನೀಲಿ ಹಾಕಿದವು. ಮಂದಿಯ ಅರಿವೆ. ನಡೆಮಡಿ ಯಾವತ್ತಿಗೂ ಮಂದಿಯ ಅರಿವೆಯದೇ. ಮುರ್ತುಜಾ ಇಳಿದು ನಿಲ್ಲುವುದು ನೊಗದ ಆಚೆ. ಅಲ್ಲಿಂದ ಗಿಡದ ತನಕ ಹಾಸಿಬಿಟ್ಟರೆ ಅವನ ಕಾಲಿಗೆ ಮಣ್ಣು ಹತ್ತುವುದಿಲ್ಲ. ಯಾರೂ ಹಾಸು ಎಂದಿರಲಿಲ್ಲ. ಅದನ್ನು ನೆನೆದರೆ ಈಗಲೂ ಧರ್ಮಣ್ಣನ ಅಂಗೈ ಬೆಚ್ಚಗಾಗುತ್ತದೆ. ಹನ್ನೊಂದನ್ನೂ ನೊಗದಿಂದ ಗಿಡದ ತನಕ, ತುದಿಗೆ ತುದಿ ಕೂಡಿಸಿ, ಅಂಚಿಗೆ ಸಣ್ಣ ಹೆಂಟೆ ಇಟ್ಟು, ಹಿಂದಕ್ಕೆ ಸರಿದು ನೋಡಿದ. ಇಷ್ಟು ನೆಟ್ಟಗೆ ಅವನು ಯಾವ ಮದುಮಗನಿಗೂ ಹಾಸಿರಲಿಲ್ಲ.

ಸದ್ದು ಬಂತು. ಹೊಳೆಯ ಕಡೆಯಿಂದ, ಸರಿಯಾಗಿ. ಒಂದು ಸುತ್ತು ಹಾಕಿತು. ಧರ್ಮಣ್ಣ ರುಮಾಲು ಬಿಚ್ಚಿ ಬೀಸಿದ. ಪಡುವಣದಿಂದ ಬರಬೇಕಾದದ್ದು ಎರಡನೆಯ ಸುತ್ತಿನಲ್ಲಿ ಮೂಡಣಕ್ಕೆ ಹೋಗಿ, ಬೇವಿನ ಗಿಡದ ನೆತ್ತಿಯ ಮೇಲೆ ಬಂತು. ನಡೆಮಡಿಯ ಗುಂಟ, ಅದನ್ನೇ ಈಸು ಮಾಡಿಕೊಂಡು, ಬೆನ್ನಿಗೆ ಗಾಳಿ ಹಾಕಿಕೊಂಡು ಇಳಿಯಿತು. ಇಳಿಯಿತು ಅನ್ನುವುದಕ್ಕಿಂತ, ಗಾಳಿ ಅದನ್ನು ಹಿಂದಿನಿಂದ ನೂಕಿತು. ನೆಲ ಮುಟ್ಟಲಿಲ್ಲ, ಮುಟ್ಟಲಿಲ್ಲ, ಮುಟ್ಟಿದಾಗ ಬಯಲು ಮುಗಿದಿತ್ತು. ಡೇರೆಯ ಪಕ್ಕದಲ್ಲೇ ಹಾದು ಹಳ್ಳದ ದಂಡೆಗೆ ಮೂಗು ಊರಿ, ಬಾಲ ಎತ್ತಿ, ನಿಧಾನವಾಗಿ, ಬಾವಿಗೆ ಬಗ್ಗಿ ನೋಡುವ ಮುದುಕಿಯಂತೆ, ಅಂಗಾತ ಬಿತ್ತು. ರೆಕ್ಕೆಯ ಕಟ್ಟಿಗೆ ಮುರಿದ ಸದ್ದು ಜೋಳದ ದಂಟು ಮುರಿದಷ್ಟೇ.

ಎಲ್ಲರೂ ಅತ್ತ ಓಡಿದರು. ಸಾಹೇಬ, ಇಬ್ಬರು ಮೆಕ್ಯಾನಿಕರು, ಹೊಲದಲ್ಲಿದ್ದವರು. ಧರ್ಮಣ್ಣ ಓಡಲಿಲ್ಲ. ಮಂದಿ ಬರುತ್ತಾರೆ, ಅರಿವೆ ತುಳಿಯುತ್ತಾರೆ ಎಂದು ಅವನ ಕೈಗೆ ಅನಿಸಿತು. ತಲೆಗೆ ಇನ್ನೂ ಏನೂ ಅನಿಸಿರಲಿಲ್ಲ. ಕೂತು ಧೋತರ ಮಡಿಚಿದ. ಒಂದು, ಎರಡು. ಆರನೆಯದನ್ನು ಮಡಿಚುವಾಗ ತಲೆಯೆತ್ತಿ ನೊಗವನ್ನು ನೋಡಿದ, ಅದರ ಆಚೆಯ ಗಿಡ್ಡ ಈಸನ್ನು ನೋಡಿದ, ತನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ತಿಳಿಯಿತು. ತಿಳಿದ ಮೇಲೂ ಉಳಿದ ಐದನ್ನು ಮಡಿಚಿದ, ಅದೂ ಬೇಗಬೇಗ. ನಾಲ್ಕು ವರ್ಷ ಅವನನ್ನು ನಿದ್ದೆಯಿಂದ ಎಬ್ಬಿಸುತ್ತ ಬಂದದ್ದು ಮೊದಲಿನ ಆರು ಅಲ್ಲ, ಆಮೇಲಿನ ಐದು.

ಮುರ್ತುಜಾನನ್ನು ಹೊರಸಿನ ಮೇಲೆ ಮಲಗಿಸಿದ್ದರು. ಬಲಗಾಲು ಮೊಣಕಾಲಿನ ಕೆಳಗೆ ತಿರುಚಿತ್ತು. ಕಾಲ ಕೆಳಗೆ ಮೆತ್ತಗಿನದು ಏನಾದರೂ ಬೇಕೆಂದು ಯಾರೋ ಧರ್ಮಣ್ಣನ ಹೆಗಲ ಗಂಟನ್ನೇ ಕಸಿದು ಇಟ್ಟರು. ಸಾಹೇಬ ಬಯಲಿನ ಕಡೆ ಕೈಮಾಡಿ, "ಗುರುತು ಸರಿಯಾಗಿಯೇ ಇದೆಯಲ್ಲ, ಗಾಳಿಗೆ ಬೆನ್ನು ಕೊಟ್ಟು ಯಾಕೆ ಇಳಿದೆ?" ಎಂದು ಕೇಳಿದ. ಮುರ್ತುಜಾ ತೊದಲುತ್ತ, "ತಿರುಗಿತ್ತು ಸಾಬ್. ಗಾಳಿ ಬದಲಾಗಿದೆ ಅಂದುಕೊಂಡೆ. ನಾನು ನೋಡಿದೆ" ಎಂದ. ಸಾಹೇಬ ಧರ್ಮಣ್ಣನ ಕಡೆ ತಿರುಗಿದ. "ನೀನು ತಿರುಗಿಸಿದ್ದೆಯಾ?" "ಇಲ್ರಿ. ಮುಂಜಾನಿ ಹ್ಯಾಂಗ ಹಾಸಿದ್ದೆ ಹಂಗೇ ಅದ್ರಿ." ಒಂದಕ್ಷರ ಸುಳ್ಳಿರಲಿಲ್ಲ. ಮುರ್ತುಜಾ ತಲೆ ಎತ್ತಿ ಬಯಲನ್ನು ನೋಡಿದ, ಎಷ್ಟೋ ಹೊತ್ತು ನೋಡಿದ, ಆಮೇಲೆ ಕಣ್ಣು ಮುಚ್ಚಿಕೊಂಡ. ಕಾಗದದಲ್ಲಿ ಅವನು ಗಮನಗೇಡಿ ಎಂದು ಬರೆದು ಮನೆಗೆ ಕಳಿಸಿದರಂತೆ. ಮನೆಗೆ ಬಂದ ಧರ್ಮಣ್ಣ ಆ ಹನ್ನೊಂದು ಧೋತರಗಳನ್ನು ಮತ್ತೊಮ್ಮೆ ಒಗೆದ.

"ಒಗದದ್ದನ್ನ ಅವತ್ತ ಮತ್ತ ಒಗದಿ" ಎಂದಳು ಭಾಗಮ್ಮ ಈಗ, ಸೀರೆಗಳ ನಡುವೆ ನಿಂತು, ಅವನ ತಲೆಯೊಳಗೆ ಕೂತಿದ್ದವಳಂತೆ. "ನಾ ಕೇಳಲಿಲ್ಲ. ಇವತ್ತೂ ಕೇಳಂಗಿಲ್ಲ. ಆದ್ರ ಆ ಮೋಟಾರ ಹೋದ್ರ ಹೋತು ನೋಡು."

ಧರ್ಮಣ್ಣ ಪೈಜಾಮವನ್ನು ಹಿಂಡಿದ. ಒಣಗುವ ತನಕ ಕಾದ. ಕಾಯುವಾಗ ಹೇಳಬಾರದೆನ್ನುವ ಕಾರಣಗಳು ಒಂದೊಂದಾಗಿ ಬಂದು ಹೋದವು, ಎಲ್ಲವೂ ಮುರ್ತುಜಾನ ಹಿತದ ವೇಷ ಹಾಕಿಕೊಂಡು. ಹಳೆಯ ಗಾಯ ಕೆದರುವುದು ಯಾಕೆ. ಖಾಸೀಂಬಿ ಮುದುಕಿ ತಡೆದಾಳೆಯೇ. ಒಟ್ಟಿನಲ್ಲಿ ಸಂಜೆ ದಂಡೆಗೆ ಬಂದು ಎಮ್ಮೆ ಎಣಿಸುವ ಆ ಹುಡುಗ ಇನ್ನು ಬರಲಿಕ್ಕಿಲ್ಲ ಎಂಬುದೇ ಎಲ್ಲಕ್ಕಿಂತ ಕೆಳಗೆ, ಅರಿವೆ ಬೇಯಿಸುವ ಉಬ್ಬೆಯ ತಳದ ಕೊಳೆಯಂತೆ ಕೂತಿತ್ತು.

ಅರಿವೆ ಹೊತ್ತುಕೊಂಡು ಹೋದಾಗ ಮುರ್ತುಜಾ ಮನೆಯ ಕಟ್ಟೆಯ ಮೇಲೆ ಗ್ಯಾಸಬತ್ತಿಯೊಂದನ್ನು ಬಿಚ್ಚಿ ಹರಡಿಕೊಂಡಿದ್ದ. ಖಾಸೀಂಬಿ ಹೊಸ್ತಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಬಾರೋ ಧರ್ಮಣ್ಣ. ನೀನಾದ್ರೂ ಹೇಳು ಇವಗ. ಗೌಸಮೊಹಿದ್ದೀನ ತಾನಾಗಿ ಕೇಳಾಕತ್ತಾನ, ಇವ ಮಾರಿ ತಿರುವತಾನ. ಗ್ಯಾಸಬತ್ತಿ ಕೂಡ ನಿಕಾ ಮಾಡಕೋತಿ ಏನು ಅಂದೆ."

"ಅಮ್ಮೀ, ಸುಮ್ಮಿರು" ಎಂದ ಮುರ್ತುಜಾ. ಕನ್ನಡಕ ಸರಿಮಾಡಿಕೊಂಡು, "ಮೋಟಾರದಾಗ ನಲವತ್ತು ಜನ ಕೂಡ್ತಾರ ಕಾಕಾ. ದಾರಿ ಬಲಕ್ಕದ ಅಂತ ಕಂಡ್ರ ಅದು ಖರೇನೇ ಬಲಕ್ಕದ ಅಂತ ನನಗ ಯಾರು ಹೇಳಬೇಕು? ಪ್ರತಿ ತಿರುವಿನ್ಯಾಗ ನಿನ್ನ ಎಲ್ಲಿಂದ ತರಲಿ?"

ಧರ್ಮಣ್ಣ ಅರಿವೆಯ ಗಂಟನ್ನು ಕಟ್ಟೆಯ ಮೇಲೆ ಇಟ್ಟ. ಕೂಡಲಿಲ್ಲ.

"ನಿನ್ನ ಕಣ್ಣ ಸರಿ ಅದಾವ."

"ಡಾಕ್ಟರೂ ಹಂಗೇ ಅಂದ್ರು."

"ಡಾಕ್ಟರಿಗಿ ಏನ್ ಗೊತ್ತು. ನನಗ ಗೊತ್ತದ. ಅವತ್ತ ನೊಗದಿಂದ ಬೇವಿನ ಗಿಡದ ತನಕ ನಾ ಹಾಸಿದ್ದೆ. ನಿನಗ ಅಂತ. ನಡಿಮಡಿ."

ಮುರ್ತುಜಾನ ಕೈಯಲ್ಲಿ ತಿರುಪು ಬಿಚ್ಚುತ್ತಿದ್ದ ಪಾನಾ ನಿಂತಿತು. ಆಮೇಲೆ ಕೇಳಿದ ದನಿ ಹೈದರಾಬಾದಿನಿಂದ ಟೊಪ್ಪಿಗೆ ಹಾಕಿಕೊಂಡು ಬಂದಿದ್ದ ಹುಡುಗನದಾಗಿತ್ತು, ನಾಲ್ಕು ವರ್ಷ ಧರ್ಮಣ್ಣ ಕೇಳಿರದ ದನಿ.

"ಎಷ್ಟು ಧೋತರ?"

"ಹನ್ನೊಂದು."

"ತುದಿಗಿ ತುದಿ?"

"ತುದಿಗಿ ತುದಿ."

"ನೆಟ್ಟಗ?"

"ಎಳೀನಷ್ಟೂ ಸೊಟ್ಟ ಇರಲಿಲ್ಲ" ಎಂದ ಧರ್ಮಣ್ಣ. ಆ ಮಾತಿನಲ್ಲಿ ಇನ್ನೂ ಒಂದಿಷ್ಟು ಹೆಮ್ಮೆ ಉಳಿದಿತ್ತು. ಅದು ತನ್ನ ಕಿವಿಗೇ ಕೇಳಿಸಿ ಅವನು ನೆಲ ನೋಡುವಂತಾಯಿತು.

ಮುರ್ತುಜಾ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ಅವನು ಮತ್ತೆ ಹೊಳೆಯ ಗುಂಟ ಬಂದು, ಸುತ್ತು ಹಾಕಿ, ಕೆಳಗೆ ನೋಡುತ್ತಿದ್ದಾನೆ ಎಂಬುದು ರೆಪ್ಪೆಯ ಕೆಳಗಿನ ಅಲುಗಾಟದಲ್ಲೇ ಧರ್ಮಣ್ಣನಿಗೆ ಕಂಡಿತು. "ನೊಗ ಅದೇ," ಎಂದ ಮುರ್ತುಜಾ ಮೆಲ್ಲಗೆ. "ಈ ಕಡಿ ಗಿಡ್ಡಂದು, ಆ ಕಡಿ ಉದ್ದಂದು. ಉದ್ದಂದೇ ಈಸು ಅಂದೆ. ಯಾರಿದ್ರೂ ಅದನ್ನೇ ಅಂತಿದ್ರು. ನಾ ನೋಡಿದ್ದು ಖರೆ." ಕಣ್ಣು ತೆರೆದ. "ಸಾಹೇಬ ಕೇಳ್ದಾಗ ನೀ ಅಲ್ಲೇ ನಿಂತಿದ್ದಿ."

"ನಿಂತಿದ್ದೆ."

"ನನ್ನ ಕಾಲ ಕೆಳಗ ಇಟ್ಟಿದ್ರಲ್ಲ, ಗಂಟು."

"ಅದೇ."

ಖಾಸೀಂಬಿಯ ಮೊರ ನಿಂತಿತ್ತು. "ಯಾ ಅಲ್ಲಾ" ಎಂದಳು, ಯಾರಿಗೂ ಅಲ್ಲ. ಧರ್ಮಣ್ಣನಿಗೆ ಬೈಗುಳ ಬೇಕಾಗಿತ್ತು. ಆ ಹುಡುಗ ಕೈಯಲ್ಲಿದ್ದ ಪಾನಾವನ್ನು ಎಸೆದಿದ್ದರೆ ಹಣೆ ಕೊಡುತ್ತಿದ್ದ. ಮುರ್ತುಜಾ ಏನನ್ನೂ ಎಸೆಯಲಿಲ್ಲ. ಕನ್ನಡಕ ತೆಗೆದು ಗ್ಯಾಸಬತ್ತಿಯ ಬಿಡಿಭಾಗಗಳ ನಡುವೆ ಇಟ್ಟ.

"ದಂಡೀ ಮ್ಯಾಲ ದಿನಾ ಸಂಜೀಕ ಕೇಳ್ತಿದ್ದೆ ನಿನ್ನ," ಎಂದ. "ಎಮ್ಮಿ ಎಷ್ಟು, ಕಲ್ಲು ಎಷ್ಟು. ನೀ ಎಣಿಸಿ ಹೇಳ್ತಿದ್ದಿ."

"ಹೇಳ್ತಿದ್ದೆ."

"ನಾಕು ವರ್ಷ."

ಹೊಳೆಯ ತಿರುವಿನ ಆಚೆ ಮೋಟಾರಿನ ಹಾರ್ನ್ ಕೇಳಿಸಿತು, ಘತ್ತರಗಿಯ ಜನರ ಗದ್ದಲವೂ. ಮುರ್ತುಜಾ ಎದ್ದ. ಗೋಡೆ ಹಿಡಿಯದೆ ಎದ್ದ. ಒಗೆದ ಅರಿವೆಯ ಗಂಟಿನಿಂದ ಅಂಗಿಯೊಂದನ್ನು ಎಳೆದು ತೊಟ್ಟುಕೊಂಡು ಗುಂಡಿ ಹಾಕುತ್ತ, ಅದೇ ಸಮದನಿಯಲ್ಲಿ ತಾಯಿಗೆ ಹೇಳಿದ: "ಅಮ್ಮೀ, ನಾಳಿಂದ ಅರಿವಿ ಮನ್ಯಾಗೇ ಒಗೀರಿ. ಹೊರಗ ಹಾಕೂದು ಬ್ಯಾಡ."

"ಬೇಟಾ, ನಿಮ್ಮ ಅಜ್ಜನ ಕಾಲದಿಂದ—"

"ಬ್ಯಾಡ ಅಂದೆ."

ಅವನು ಧರ್ಮಣ್ಣನನ್ನು ಹಾದು ಮೆಟ್ಟಿಲಿಳಿದ. ಚಪ್ಪಲಿ ಮೆಟ್ಟಿರಲಿಲ್ಲ. ಧರ್ಮಣ್ಣನ ಹೆಗಲಿಗೆ ಬೇರೆ ಮನೆಗಳ ಗಂಟು ಇನ್ನೂ ಇತ್ತು, ಅದರಲ್ಲಿ ಧೋತರಗಳೂ ಇದ್ದವು. ಅವನ ಕೈ ಗಂಟಿನ ತನಕ ಹೋಯಿತು, ಅಲ್ಲೇ ನಿಂತಿತು. ಮುರ್ತುಜಾ ಓಣಿಯ ಧೂಳಿನಲ್ಲಿ ಬಲಗಾಲನ್ನು ಎಳೆದುಕೊಂಡು, ಯಾರನ್ನೂ ಏನನ್ನೂ ಕೇಳದೆ, ಎದುರಿಗೆ ಬಂದ ಬಂಡಿಗೆ ತಾನೇ ದಾರಿ ಬಿಟ್ಟು, ರಸ್ತೆಯ ಕಡೆಗೆ ಹೋದ. ಮೋಟಾರು ನಿಂತ ಸದ್ದು ಕೇಳಿತು. ಗೌಸಮೊಹಿದ್ದೀನನ ದೊಡ್ಡ ದನಿ ಏನೋ ಕೇಳಿತು. ಮುರ್ತುಜಾನ ದನಿ, "ಬರ್ತೇನಿ" ಎಂದದ್ದು ಇಲ್ಲಿಯ ತನಕ ಕೇಳಿಸಿತು. ಖಾಸೀಂಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಧರ್ಮಣ್ಣನ ಕಡೆ ಅವಳು ನೋಡಲಿಲ್ಲ.

ಮುರ್ತುಜಾನ ಕಾಲಿಗೆ ಊರ ಮಣ್ಣು ಹತ್ತಬಾರದು, ನಡೆಮಡಿ ಹಾಸುತ್ತೇನೆ ಎಂದು ಧರ್ಮಣ್ಣ ಮಾತು ಕೊಟ್ಟಿದ್ದ. ಆ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.